ಚಿಪ್‌ಗಳು ಬಟ್ಟಲಲ್ಲಿದ್ದಾಗ

ಯಂತ್ರಗಳಿಗೂ ಮನಸ್ಸಿದೆ, ಮುನಿಸಿದೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ರೇಗುತ್ತದೆ. ನಾನು ಸೇಡಂನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಕೆಟ್ಟಿದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂದು ಹುಡುಗರಿಗೆ ಹೇಳುತ್ತಲೇ ಬಂದಿದ್ದೇನೆ. ಈಗಲೂ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ವಾಡಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದಕ್ಕೆ ಕಾರಣ ಸಿಕ್ಕಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಮಾಮಾ ಪ್ರಾಯದಲ್ಲಿ ಹೈದರಾಬಾದಿನಿಂದ ಒಂದು ಹೋಮ್ ಕಂಪ್ಯೂಟರ್ ತಂದಿದ್ದರು. ಕೀಬೋರ್ಡಿನ ಹೊಟ್ಟೆಯಲ್ಲೇ ಇಡೀ ಯಂತ್ರ. ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಬೇಕು. ಅದರ ಸ್ವಂತ ಮೆಮರಿ ಹದಿನಾರು ಕೆ, ಅಂದರೆ ಕಿಲೋಬೈಟ್. ಒಳಗಿನ ಖಾಲಿ ಸಾಕೆಟ್ಟುಗಳಲ್ಲಿ ಎಂಟು ಚಿಪ್ ಕೂಡಿಸಿದರೆ ನಲವತ್ತೆಂಟಾಗುತ್ತದೆ. ಮಾಮಾ ಆ ಕಾಲದಲ್ಲೇ ಚಿಪ್ ಕೂಡಿಸಿ, ಕೌದಿಯ ಚಿತ್ತಾರ ಬಿಡಿಸುವ, ಹದಿನಾರರಲ್ಲಿ ಹಿಡಿಸದಷ್ಟು ದೊಡ್ಡದೊಂದು ಪ್ರೋಗ್ರಾಂ ಬರೆದಿದ್ದರು. ಒಂದರೊಳಗೊಂದು ಹೆಣೆದ ಹೂಗಳು. ಆಮೇಲೆ ಆ ಚಿಪ್‌ಗಳು ಸುಟ್ಟುಹೋಗಿ, ಯಂತ್ರ ಟ್ರಂಕು ಸೇರಿತು.

ಚಿತ್ತಾಪುರದಲ್ಲಿರುವ ಮಗಳಿಗೆ ಗಂಡು ಮಗುವಾದಾಗ, ಮಾಮಾನ ಹೆಂಡತಿ ಅತ್ತಿ ಕೂಸಿನ ಕೌದಿಗೆ ಆ ಹೂಗಳೇ ಬೇಕೆಂದರು. ಬಟ್ಟೆಯ ತುಂಡು ಕತ್ತರಿಸಿಟ್ಟುಕೊಂಡಿದ್ದರು. ಹೆಣಿಗೆ ಮಾತ್ರ ನೆನಪಿಗೆ ಬರುತ್ತಿರಲಿಲ್ಲ; ಹೊಲಿಯುವುದು, ಬಿಚ್ಚುವುದು. ಬರೆದ ಮಾಮಾಗೂ ನೆನಪಿಲ್ಲ. ನನಗೆ ಫೋನ್ ಬಂತು.

ಪುಣ್ಯಕ್ಕೆ ಅದೇ ಜಾತಿಯ ಚಿಪ್‌ಗಳು ಸಿಕ್ಕವು. ರವಿವಾರ ಬಂತೆಂದರೆ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ಹೋಗುವುದೇ ನನ್ನ ಕೆಲಸವಾಯಿತು. ಚಿಪ್ ಕೂಡಿಸಿದೆ, ಯಂತ್ರ ಹದಿನಾರೇ ಎಂದಿತು. ಸಾಕೆಟ್ಟಿನ ತುಕ್ಕು ಸ್ಪಿರಿಟ್ ಹಚ್ಚಿ ತೊಳೆದೆ, ನಲವತ್ತೆಂಟೆಂದಿತು. ಆದರೆ ಕ್ಯಾಸೆಟ್ ಅರ್ಧ ಓಡುವಷ್ಟರಲ್ಲಿ ಟಿವಿ ತುಂಬ ಪಟ್ಟೆ ಪಟ್ಟೆ. ಒಂದೊಂದೇ ಚಿಪ್ ಬದಲಿಸಿ ನೋಡಿದೆ. ಮೀಟರು ಹಿಡಿದು ಕರೆಂಟು ಅಳೆದೆ, ಎಲ್ಲ ಸರಿ. ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು ಕೂತಿರಬೇಕೆಂದು ಮತ್ತೆ ಒರೆಸಿದೆ, ಮತ್ತೆ ಪಟ್ಟೆ. ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿಗೆ ಇಳಿಸಲು ಹೋದರೆ, ಅದರ ಕಿರುಚಾಟ ಲ್ಯಾಪ್‌ಟಾಪಿಗೆ ಅರ್ಥವಾಗಲಿಲ್ಲ. ಬೆನ್ನ ಹಿಂದೆ ಮಾಮಾ ನಿಂತೇ ಇರುತ್ತಿದ್ದರು.

"ನೀ ಕೈ ಹಾಕೋಕಿಂತ ಮೊದ್ಲ ಛಲೋ ಇತ್ತದು," ಎಂದರು ಆ ಮಧ್ಯಾಹ್ನ.

"ಮೊದ್ಲ ಸತ್ತಿತ್ತು ಮಾಮಾ. ಅದಕ್ಕಽ ನನ್ನ ಕರ್ಸೀರಿ."

"ನೀವಿಬ್ರೂ ಜಗಳಾಡ್ರಿ," ಎಂದರು ಅತ್ತಿ. "ಅಲ್ಲಿ ಕೂಸಿಗಿ ಮೀಸಿ ಬರ್ತಾವ, ಇಲ್ಲಿ ಕೌದಿ ಆಗಂಗಿಲ್ಲ."

ನನಗೆ ಸಾಕುಸಾಕಾಗಿತ್ತು. ಎಂಟೂ ಚಿಪ್ ಕಿತ್ತು ಸ್ಟೀಲ್ ಬಟ್ಟಲಿಗೆ ಹಾಕಿದೆ. ಮೂಲ ಯಂತ್ರವಾದರೂ ಜೀವಂತ ಇದೆಯೋ ನೋಡೋಣವೆಂದು, ಹದಿನಾರರಲ್ಲೇ ಓಡುವ ಸಣ್ಣ ಆಟದ ಕ್ಯಾಸೆಟ್ ಹಾಕಲು ಅತ್ತಿಯವರಿಗೆ ಹೇಳಿದೆ. ಅವರು ಹಾಕಿದ್ದು ಕೌದಿಯದು. ಗೊತ್ತಾಗುವಷ್ಟರಲ್ಲಿ ಟೇಪು ಕಿರುಚುತ್ತಿತ್ತು. ಇರಲಿ, 'ಜಾಗ ಸಾಲದು' ಎಂದು ಅದೇ ನಿಲ್ಲುತ್ತದೆ ಎಂದು ಸುಮ್ಮನೆ ಕುಳಿತೆ.

ನಿಲ್ಲಲಿಲ್ಲ. ಟೇಪು ಕೊನೆಯತನಕ ಓಡಿತು. ಪರದೆ ಒಂದು ಗಳಿಗೆ ಖಾಲಿಯಾಗಿ, ಮೂಲೆಯಲ್ಲಿ ಒಂದು ಗೆರೆ ಹುಟ್ಟಿತು. ಆಮೇಲೆ ಒಂದು ಎಸಳು. ಒಂದು ಹೂವು ಮುಗಿದು, ಅದರೊಳಗಿಂದ ಇನ್ನೊಂದು ಹೊರಟಿತು. ಒಂದು ಪಟ್ಟೆ ಕೂಡ ಇಲ್ಲ. ನಾನು ಬಟ್ಟಲು ನೋಡಿದೆ. ಮಾಮಾ ಯಂತ್ರದೊಳಗೆ ಬಗ್ಗಿ, ಖಾಲಿ ಸಾಕೆಟ್ಟುಗಳನ್ನು ನೋಡಿದರು. ಅತ್ತಿ ಒಬ್ಬರೇ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಸರಸರನೆ ಇಳಿಸಿಕೊಳ್ಳುತ್ತಿದ್ದರು.

ಚಿತ್ತಾರ ಮುಗಿದ ಮೇಲೆ, ಮೆಮರಿ ಎಷ್ಟಿದೆ ಎಂದು ಯಂತ್ರವನ್ನೇ ಕೇಳಿದೆ. ಹದಿನಾರು. ಆಫ್ ಮಾಡಿ ಅದೇ ಕ್ಯಾಸೆಟ್ ಮತ್ತೆ ಹಾಕಿದೆ. ಜಾಗ ಸಾಲದು. ಮತ್ತೆ ಹಾಕಿದೆ. ಜಾಗ ಸಾಲದು.

"ಇದು ಆಗೋದಽ ಶಕ್ಯ ಇಲ್ಲ ಅತ್ತಿ," ಎಂದೆ.

"ಬಂತಲ್ಲವ್ವಾ! ಇನ್ನೇನ್ ಬೇಕು ನಿಮಗ?" ಎಂದು ಹಾಳೆ ಮಡಚಿಕೊಂಡು ಎದ್ದರು.

ಕೌದಿ ಆಯಿತು, ಚಿತ್ತಾಪುರಕ್ಕೂ ಹೋಯಿತು, ಎಲ್ಲರೂ ಹೊಗಳಿದರು. ನನ್ನ ಉರಿ ಮಾತ್ರ ಆರಲಿಲ್ಲ. ಗೊತ್ತಿದ್ದವರನ್ನೆಲ್ಲ ಕೇಳಿದೆ. ನಿನ್ನ ಕಣ್ಣು ತಪ್ಪಿರಬೇಕು ಎಂದರು ಕೆಲವರು, ಕೆಲವರು ನಕ್ಕರು. ಮಾಮಾ ಅಂತೂ ಪ್ರೋಗ್ರಾಂ ಸಣ್ಣದೇ ಇತ್ತು ಎಂದು ಹೊಸದಾಗಿ ಹಟ ಹಿಡಿದರು. ಸಣ್ಣದಿದ್ದರೆ ಎರಡನೆಯ ಸಲ ಯಾಕೆ ಓಡಲಿಲ್ಲ ಎಂದು ಕೇಳಿದರೆ, ಚಹಾ ಆಯಿತೇನು ಎಂದು ಒಳಗೆ ಕೂಗುತ್ತಿದ್ದರು. ಈ ಜಗಳ ಎಷ್ಟು ಸಲ ಆಡಿದ್ದೇವೋ ಲೆಕ್ಕವಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ.

"ಯವ್ವಾ, ಅವತ್ತ ನೀ ಎಂಟೂ ತೆಗ್ದಿದ್ದಿ, ಹೌದಲ್ಲ? ಒಂದಾದ್ರೂ ಒಳಗ ಉಳ್ದಿತ್ತೇನು?"

"ಎಂಟೂ ತೆಗ್ದಿದ್ದೆ ಮಾಮಾ. ನೀವಽ ಬಗ್ಗಿ ನೋಡೀರಲ್ಲ."

ಈ ಸಲ ಅವರು ಚಹಾಕ್ಕೆ ಕೂಗಲಿಲ್ಲ.

"ಹೂಂ. ನೋಡೀನಿ," ಎಂದು ಫೋನ್ ಇಟ್ಟರು.