ಆಯ್ತಕ್ಕನ ಜಾಗ

ತರಬೇತಿ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಆಯ್ತಕ್ಕ. ಯಾರು ಏನು ಕೇಳಿದರೂ "ಆಯ್ತು" ಅನ್ನುವವಳಿಗೆ ಬೇರೆ ಹೆಸರು ಯಾಕೆ ಬೇಕು ಹೇಳಿ! ಮನೆಯಲ್ಲೂ ಅದೇ ಕಥೆ. ಅಣ್ಣನ ಮಕ್ಕಳು ಓದಲು ಬಂದರೆ ಅವಳ ಕೋಣೆ, ಚಿಕ್ಕಮ್ಮ ಬಂದರೆ ಅವಳ ಮಂಚ. ಅವಳು ನಡುಮನೆಯಲ್ಲಿ ಹಾಸಿಕೊಂಡು ಬೆಳಗಿನ ತನಕ ಮಗ್ಗುಲು ಬದಲಿಸುತ್ತಿದ್ದಳು. ಅವಳಮ್ಮ ಮಾತ್ರ ಆ ಮಾತನ್ನು ಬೇರೆಯದಕ್ಕೆ ಇಟ್ಟುಕೊಂಡಿದ್ದಳು. ಸಕ್ಕರೆ ಡಬ್ಬಿ ಬೋರಲು ಹಾಕಿ, ತಳ ತಟ್ಟಿ, "ಆಯ್ತು" ಅನ್ನುವಳು. ಅಂದರೆ ಮುಗೀತು, ಇನ್ನಿಲ್ಲ.

ಕೇಂದ್ರದಲ್ಲಿದ್ದದ್ದು ಒಂದೇ ದೊಡ್ಡ ಕಂಪ್ಯೂಟರ್. ಅದರ ಹೊಟ್ಟೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ವರ್ಚುವಲ್ ಮೆಷೀನು, ಅಂದರೆ ತೋರಿಕೆಯ ಕಂಪ್ಯೂಟರ್, ಮಾಡಿಕೊಡುವುದು ಅವಳ ಕೆಲಸ. ಅವರು ಅದರೊಳಗೆ ಇಂಥ ಮೆಷೀನುಗಳನ್ನು ನಡೆಸುವ ತಂತ್ರಾಂಶವಾದ ಹೈಪರ್‌ವೈಸರ್ ಹಾಕಿ, ಅದರೊಳಗೆ ಮತ್ತೂ ಪುಟ್ಟ ಮೆಷೀನುಗಳನ್ನು ಎಬ್ಬಿಸಿ ಕಲಿಯಬೇಕು. ಪ್ರತಿಯೊಬ್ಬರೂ ನೂರು ಜೀಬಿ ಡಿಸ್ಕು ಬೇಕು ಅಂದರು, ಇವಳು ಆಯ್ತು ಅಂದಳು. ನಿಜವಾದ ಡಿಸ್ಕಿನಲ್ಲಿ ಅಷ್ಟು ಎಲ್ಲಿತ್ತು? ಬಳಸಿದಷ್ಟೇ ಜಾಗ ಹೋಗುವ ಹಾಗೆ ಇಟ್ಟಿದ್ದಾಳೆ, ಎಲ್ಲರೂ ಒಟ್ಟಿಗೆ ಎಲ್ಲಿ ತುಂಬಿಸುತ್ತಾರೆ ಅನ್ನುವ ಭಂಡಧೈರ್ಯ.

ಅದೇ ಡಿಸ್ಕಿನಲ್ಲಿ ಅವಳದ್ದೂ ಒಂದು ಮೆಷೀನಿತ್ತು. ಊಟದ ಬಿಡುವಿನಲ್ಲಿ ತಿಂಗಳುಗಟ್ಟಲೆ ಕೂತು ಕಟ್ಟಿದ್ದು. ನಾಳೆ ಪರೀಕ್ಷಕರು ಬಂದು ಅದನ್ನು ನೋಡಿ ಒಪ್ಪಿದರೆ, ಮೆಷೀನು ನೋಡಿಕೊಳ್ಳುವವಳು ಪಾಠ ಹೇಳುವವಳಾಗುತ್ತಾಳೆ. ಹಾಗಾಗಿ ಬೆಳಿಗ್ಗೆಯಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಎದ್ದು ಕಿಟಕಿ ಹಾಕುವಳು, ಮತ್ತೆ ಎದ್ದು ಅದನ್ನೇ ತೆಗೆಯುವಳು.

ಭಯಕ್ಕೆ ಕಾರಣವೂ ಇತ್ತು. ಹಿಂದಿನ ವಾರವೇ ಡಿಸ್ಕು ತುಂಬುತ್ತಿದೆ ಎಂದು ಎಚ್ಚರಿಕೆ ಬಂದಿತ್ತು. ಬೇಡದ್ದನ್ನು ಅಳಿಸಿ ಎಂದು ಎಲ್ಲರಿಗೂ ಹೇಳಿದಳು, ಅವರೂ ಅಳಿಸಿದರು. ಆದರೆ ಒಳಗಿನ ಮೆಷೀನಿನಲ್ಲಿ ಅಳಿಸಿದ ಮಾತ್ರಕ್ಕೆ ಹೊರಗಿನ ಡಿಸ್ಕಿಗೆ ಆ ಜಾಗ ತಾನಾಗಿ ವಾಪಸ್ಸು ಬರುವುದಿಲ್ಲ. ಅವಳಿಗೆ ಗೊತ್ತಿದ್ದ ವಿಷಯವೇ. ಗಡಿಬಿಡಿಯಲ್ಲಿ ತಿರುಗಿ ನೋಡಲಿಲ್ಲ, ಪುಣ್ಯಾತ್ಗಿತ್ತಿ.

ಮಧ್ಯಾಹ್ನ ಎಲ್ಲರೂ ಒಟ್ಟಿಗೇ ಹೈಪರ್‌ವೈಸರ್ ಹಾಕಲು ಕೂತರು. ಅರ್ಧ ದಾರಿಯಲ್ಲಿ ಒಂದು ಪರದೆ ನಿಂತಿತು, ಪಕ್ಕದ್ದು ನಿಂತಿತು, ಸಾಲುಸಾಲೇ ನಿಂತಿತು. ಅವಳು ಓಡಿಹೋಗಿ ನೋಡಿದರೆ ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿಲ್ಲ.

ಅಷ್ಟರಲ್ಲಿ ಕೇಂದ್ರದ ಯಜಮಾನರು ಹೊಸ ವಿದ್ಯಾರ್ಥಿನಿಯೊಬ್ಬಳನ್ನು ಕರೆದುಕೊಂಡು ಬಂದರು. ಇವಳಿಗೂ ಒಂದು ಮೆಷೀನು ಮಾಡಿಕೊಡಿ ಎಂದರು. ಡಿಸ್ಕು ತುಂಬಿದೆ ಎಂದು ಕೇಳಿದ ಮೇಲೆ ಒಂದು ಕ್ಷಣವೂ ಯೋಚಿಸಲಿಲ್ಲ.

"ನಿಮ್ಮದು ತೆಗೆದುಬಿಡಿ. ಆಮೇಲೆ ಬೇಕಾದಾಗ ಮಾಡ್ಕೊಂಡ್ರಾಯ್ತು."

ಅಭ್ಯಾಸಬಲ ನೋಡಿ, ಕೈ ಆಗಲೇ ಮೌಸಿನ ಮೇಲೆ ಹೋಗಿತ್ತು. ತನ್ನ ಮೆಷೀನನ್ನು ಆರಿಸಿ, ಅಳಿಸುವ ಗುಂಡಿಯ ತನಕ ಬಂದಿದ್ದಳು. ಅಲ್ಲಿ ಬೆರಳು ನಿಂತಿತು. ಕೋಣೆ, ಮಂಚ, ಈಗ ಇದೂ. ಅವಳಿಗೆ ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕೈ ಹಿಂದಕ್ಕೆ ತೆಗೆದಳು.

"ಆಯ್ತು ಸಾರ್," ಎಂದಳು.

ಯಜಮಾನರು ಖುಷಿಯಿಂದ ಹೊಸಬಳಿಗೆ ಕುರ್ಚಿ ಎಳೆಯತೊಡಗಿದರು.

"ಜಾಗ ಆಯ್ತು ಅಂದೆ ಸಾರ್. ಮುಗೀತು. ನಂದು ನಾನು ತೆಗೆಯಲ್ಲ. ಇದೇ ಡಿಸ್ಕಲ್ಲಿ ನಿಮ್ಮ ಜಾಹೀರಾತಿನ ವಿಡಿಯೊಗಳಿವೆ, ಮುಟ್ಟಬೇಡಿ ಅಂದಿದ್ರಿ. ಅವೇ ನಿಮ್ಮ ಲ್ಯಾಪ್‌ಟಾಪಲ್ಲೂ ಇವೆ. ಇಲ್ಲಿಂದ ತೆಗೀಲಾ?"

ಅವರು ಕುರ್ಚಿ ಹಿಡಿದುಕೊಂಡೇ ತಲೆಯಾಡಿಸಿದರು. ವಿಡಿಯೊಗಳು ಹೋದವು. ನಿಂತಿದ್ದ ಮೆಷೀನುಗಳನ್ನು ಅವಳು ಒಂದೊಂದಾಗಿ ಮತ್ತೆ ನಡೆಸಿದಳು, ಕೊನೆಗೆ ತನ್ನದನ್ನೂ ತೆರೆದು ಎಲ್ಲ ಸರಿಯಿದೆಯೇ ಎಂದು ನೋಡಿಕೊಂಡಳು. ಹೊಸಬಳಿಗೆ ಹೊಸ ಡಿಸ್ಕು ಬಂದ ಮೇಲೆಯೇ ಜಾಗ ಎಂದಳು.

ಯಜಮಾನರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ನೀವು ಯಾವತ್ತೂ ಇಲ್ಲ ಅಂದೋರೇ ಅಲ್ಲ," ಎಂದರು.

"ಇವತ್ತೂ ಅಂದಿಲ್ವಲ್ಲ ಸಾರ್," ಎಂದಳು ಅವಳು. "ಆಯ್ತು ಅಂದೆ."