ಆಸರಿಗೆ ಎಂತ ಬೇಕು?

ಹೊಸನಗರಕ್ಕೆ ಬಂದ ಮೂರನೆಯ ದಿನ ನಾನು ಹುಡುಕುತ್ತಿದ್ದ ಬಾಂದುಕಲ್ಲನ್ನು ಒಂದು ಮರ ನುಂಗಿಬಿಟ್ಟಿತ್ತು. ಬಾಂದುಕಲ್ಲೆಂದರೆ ಜಮೀನಿನ ಗಡಿಗೆ ನೆಡುವ ಕಲ್ಲು. ನಕ್ಷೆಯ ಪ್ರಕಾರ ಅದು ಅಲ್ಲೇ ಇರಬೇಕಿತ್ತು, ಕಣ್ಣಿಗೆ ಕಂಡದ್ದು ಬರೀ ಬೇರು. ಅಳತೆಯ ಸರಪಳಿ ಹಿಡಿಯುವ ಮಂಜಪ್ಪ ಕತ್ತಿಯಿಂದ ಬೇರಿನ ತೊಗಟೆ ಕೆತ್ತಿ, ಒಳಗೆ ಸಿಕ್ಕಿಕೊಂಡಿದ್ದ ಕಲ್ಲಿನ ತುದಿ ತೋರಿಸಿ, "ಇಲ್ಲೇ ಇದೆ ನೋಡಿ ಮೇಡಂ, ಎಲ್ಲಿಗ್ ಹೋಗತ್ತೆ?" ಎಂದು ನಕ್ಕರು.

ಬೀದರಿನಲ್ಲಿ ಕೂತು ಇದನ್ನು ಓದುವ ನೀವು ನಂಬಲಿಕ್ಕಿಲ್ಲ. ನಮ್ಮಲ್ಲಿ ಬದುವಿನ ಮೇಲೆ ನಿಂತರೆ ನಾಲ್ಕು ಹೊಲದಾಚೆ ಮೇಯುವ ಎತ್ತಿನ ಬಣ್ಣ ಹೇಳಬಹುದು. ಇಲ್ಲಿ ಹತ್ತು ಹೆಜ್ಜೆ ಮುಂದೆ ಹೋದ ಮಂಜಪ್ಪನವರೇ ಕಾಣುವುದಿಲ್ಲ, ಅವರ ಕೆಮ್ಮು ಮಾತ್ರ ಕೇಳುತ್ತದೆ. ಜೋಳದ ಹಿಟ್ಟು ಸಿಗುವುದಿಲ್ಲ, ಅವ್ವ ಕಳಿಸಿದ್ದರಲ್ಲೇ ಇಂಬಳ ಕಚ್ಚಿದ ಕಾಲು ತುರಿಸಿಕೊಳ್ಳುತ್ತಲೇ ರೊಟ್ಟಿ ತಟ್ಟುತ್ತೇನೆ. ಇಂಬಳ ಅಂದರೆ ಜಿಗಣೆಯೇ, ಕಾಡಿನದು. ಬಾಡಿಗೆ ಮನೆಯ ಮಾಲೀಕರು ನನ್ನ ರೊಟ್ಟಿಯ ಸದ್ದು ಕೇಳಿ ಮೊದಲ ದಿನ ಓಡಿ ಬಂದಿದ್ದರು, ಏನೋ ಬಿತ್ತು ಅಂತ.

ಭೂಮಾಪಕಿಯ ಕೆಲಸದಲ್ಲಿ ನನ್ನದೊಂದು ನೇಮ. ಅಳತೆಗೆ ಹೋದ ಮನೆಯಲ್ಲಿ ಹನಿ ನೀರೂ ಮುಟ್ಟುವುದಿಲ್ಲ. ಬಾಟಲಿ ನನ್ನದೇ, ಡಬ್ಬಿ ನನ್ನದೇ. ಯಾರ ಹಂಗಿಗೂ ಬೀಳಬಾರದೆಂದು ಅಪ್ಪ ಕಲಿಸಿದ ಶಿಸ್ತು ಅದು. ದೇವರ ಜೊತೆಗೂ ನಾನು ಹಾಗೇ ಇದ್ದೆ. ಚರ್ಚಿನ ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ, ಉಪವಾಸ ಬಿಟ್ಟವಳಲ್ಲ. ನನ್ನ ಪಾಲಿನದು ನಾನು ಮಾಡಿದ್ದೇನೆ, ನಿನ್ನ ಪಾಲಿನದು ನೀನು ಮಾಡು ಎಂಬ ಗತ್ತು.

ಆಮೇಲೆ ನನ್ನ ಗಂಡ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ಆಸ್ಪತ್ರೆಯ ನೆಲದ ಮೇಲೆ ಮೊಣಕಾಲೂರಿ ಬೇಡಿದ್ದೆ, ಏನೂ ನಡೆಯಲಿಲ್ಲ. ಅಂದಿನಿಂದ ಪ್ರಾರ್ಥನೆಗೆ ಬಾಯಿ ತೆರೆದರೆ ಮಾತು ಹೊರಡುತ್ತಿರಲಿಲ್ಲ. ಯಾರ ಪರಿಚಯವೂ ಇಲ್ಲದ ಊರು ಬೇಕೆಂದು ಕೇಳಿಕೊಂಡೇ ಇಲ್ಲಿಗೆ ಬಂದೆ. ದಿನಾ ಸಂಜೆ ಅವ್ವ ಫೋನಿನಲ್ಲಿ, "ಪ್ರಾರ್ಥನಾ ಮಾಡಿದಿ ಇಲ್ಲೋ?" ಎಂದರೆ "ಮಾಡೀನಿ" ಎಂದು ಸುಳ್ಳು ಹೇಳುತ್ತಿದ್ದೆ. ಆಕೆಯ ಎರಡನೆಯ ಮಾತು, "ಇಲ್ಲಿಗೇ ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕು, ನಂಗ ವಯಸ್ಸಾತು."

ಕಳೆದ ಬೇಸಿಗೆಯಲ್ಲಿ ನಗರವೆಂಬ ಊರಿನ ಹತ್ತಿರದ ಒಂದು ಹಳ್ಳಿಗೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಹೋಗಿದ್ದೆ. ಅರ್ಜಿ ಸಾವಿತ್ರಮ್ಮನವರದು. ನನ್ನ ಹಾಗೇ ಗಂಡನನ್ನು ಕಳೆದುಕೊಂಡವರು. ಗಂಡ ಹೆಂಡತಿ ಸೇರಿ ನೆಟ್ಟ ಹಲಸಿನ ಮರ ತಮ್ಮದೋ ಪಕ್ಕದವರದೋ ಎಂಬುದೇ ತಕರಾರು. ಎರಡು ಸಲ ಅಳೆದೆ. ಎರಡು ಸಲವೂ ಮರ ಗಡಿಯ ಆಚೆಗೇ ಬಿತ್ತು. ಪಕ್ಕದವರು ಖುಷಿಯಿಂದ ಸಹಿ ಹಾಕಿ ಹೋದರು. ಸಾವಿತ್ರಮ್ಮ ಕನ್ನಡಕ ಹಾಕಿಕೊಂಡು, ಓದಿ, ಸಹಿ ಹಾಕಿದರು. ಬೈಗುಳ ಬರುತ್ತದೆಂದು ನಾನು ಚೀಲ ಎತ್ತಿಕೊಂಡೆ.

"ಬಿಸಿಲಲ್ಲಿ ನಿಂತು ಸುಸ್ತಾಯ್ದು ನಿಂಗೆ," ಎಂದರು. "ಆಸರಿಗೆ ಎಂತ ಬೇಕು?"

ನಮ್ಮ ಕಡೆಯ ಕಿವಿಗೆ ಅದು ಹೇಗೆ ಕೇಳಿಸಿತೆಂದರೆ, ನಿನ್ನ ಆಸರೆಗೆ ಏನು ಬೇಕು? ಈಗಷ್ಟೇ ಮರ ಕಳೆದುಕೊಂಡ ಹೆಂಗಸು, ಅದನ್ನು ಕೈತಪ್ಪಿಸಿದವಳನ್ನೇ ನಿಲ್ಲಿಸಿ, ನಿನಗೆ ಯಾವ ಆಸರೆ ಬೇಕು ಎಂದು ಕೇಳುತ್ತಿದ್ದಾರೆ! ಗಂಡ ಹೋದ ಮೇಲಿನ ಎರಡು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಅಂಗಳದಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತೆ.

"ಅಯ್ಯೋ, ಎಂತಕ್ಕೆ ಅಳ್ತೆ ತಂಗಿ?" ಸಾವಿತ್ರಮ್ಮ ಗಾಬರಿಯಾದರು. ಮಂಜಪ್ಪ ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಆಸರಿಗೆ ಅಂದ್ರೆ ಕುಡಿಯೋಕೆ ಅಂತ. ನೀರು, ಮಜ್ಜಿಗೆ, ಎಂತಾದ್ರೂ" ಎಂದರು. ಅಳುವಿನ ನಡುವೆಯೇ ನಗು ಬಂತು.

ಸಾವಿತ್ರಮ್ಮ ಮುರುಗಲ ಹಣ್ಣಿನ ಪಾನಕ ತಂದರು, ಕೆಂಪಗೆ ರಕ್ತದ ಬಣ್ಣ. ರೂಢಿಯಂತೆ ಬೇಡವೆಂದೆ. "ನಿಮ್ಮ ಮರ ಕೈತಪ್ಪಿಸಿದವಳು ನಾನೇ. ನಿಮಗೆ ಬೇಜಾರಿಲ್ಲವೇ?"

"ಬೇಜಾರು ಆಯ್ದು, ಸುಳ್ಳು ಎಂತಕ್ಕೆ ಹೇಳವು? ಆದ್ರೆ ನಿಂಗೆ ಬಾಯಾರಿದ್ದಕ್ಕೂ ಅದಕ್ಕೂ ಎಂತ ಸಂಬಂಧ? ಕುಡಿ."

ಕುಡಿದೆ. ಹುಳಿ, ಸಿಹಿ, ತಂಪು. ದೇವರ ಕೃಪೆಯ ಮೇಲೆ ಚಿಕ್ಕಂದಿನಿಂದ ಚರ್ಚಿನಲ್ಲಿ ಪಾದ್ರಿಗಳ ಎಷ್ಟು ಪ್ರಸಂಗ ಕೇಳಿದ್ದೆನೋ ಲೆಕ್ಕವಿಲ್ಲ. ಅರ್ಹತೆಯಿಲ್ಲದೆ ಸಿಗುವುದೇ ಕೃಪೆ ಎಂದು ಭಾನುವಾರದ ಶಾಲೆಯ ಮಕ್ಕಳಿಗೆ ನಾನೇ ಪಾಠ ಮಾಡಿದ್ದೆ. ಆದರೆ ಕೈಚಾಚಿ ತೆಗೆದುಕೊಂಡದ್ದು ಅದೇ ಮೊದಲು, ಅದೂ ಕ್ರಿಸ್ತನ ಹೆಸರು ಎತ್ತದ ಮನೆಯಲ್ಲಿ. ಗಂಡನ ಸಾವು ಯಾಕೆಂಬುದು ನನಗೆ ಇಂದಿಗೂ ತಿಳಿದಿಲ್ಲ. ತಿಳಿಯುವ ತನಕ ದೇವರಿಗೆ ಮುಖ ಕೊಡುವುದಿಲ್ಲ ಎಂಬ ಹಟ ಮಾತ್ರ ಅವತ್ತು ಸಡಿಲಾಯಿತು. ಆ ಭಾನುವಾರ ಬಸ್ಸು ಹಿಡಿದು ಸಾಗರದ ಚರ್ಚಿಗೆ ಹೋದೆ. ಹಾಡುಗಳ ರಾಗ ಬೇರೆ, ಪಕ್ಕದವರು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಪ್ರಾರ್ಥನೆ ಆಗಲೂ ಬರಲಿಲ್ಲ. ಸುಮ್ಮನೆ ಕೂತು ಬಂದೆ, ನಾಚಿಕೆಯಾಗಲಿಲ್ಲ.

ಕ್ರಿಸ್ಮಸ್‌ಗೆ ಬೀದರಿಗೆ ಹೋದಾಗ, ಊಟಕ್ಕೆ ಮುಂಚೆ ಅವ್ವ ಎಲ್ಲರೆದುರು, "ಇವತ್ತ ನೀನೇ ಪ್ರಾರ್ಥನಾ ಮಾಡು" ಎಂದಳು. ತಮ್ಮ, ಅವನ ಹೆಂಡತಿ, ಮಕ್ಕಳು ಕಣ್ಣು ಮುಚ್ಚಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಬಾಯಿ ತೆರೆದೆ.

"ಸ್ವಾಮಿ, ಎಂತ ಹೇಳೂದು ನಿಂಗೆ, ನಂಗೆ ಗೊತ್ತಾಗ್ತಿಲ್ಲ. ಸಿಟ್ಟು ಇನ್ನೂ ಉಂಟು. ಆದ್ರೂ ನೀನು ಕೊಡೋದು ಬಿಟ್ಟಿಲ್ಲ. ತಗೊಳ್ತೀನಿ."

ಮಕ್ಕಳು ಕಿಸಕ್ಕೆಂದರು. ಆಮೆನ್ ಆದ ಮೇಲೆ ಅವ್ವ ನನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಇಷ್ಟ ದಿನ ಮಾಡೀನಿ ಮಾಡೀನಿ ಅಂತ ಸುಳ್ಳ ಹೇಳ್ತಿದ್ದಿ, ಹೌದಿಲ್ಲೋ?" ಎಂದಳು.

"ಹೌದವ್ವ."

"ಇದು ಅಲ್ಲಿ ಕಲ್ತ ಮಾತೇನು?"

"ಹೂಂ."

"ಹಂಗಾರ ಟ್ರಾನ್ಸ್‌ಫರ್ ಅರ್ಜಿ ಈಗ ಬ್ಯಾಡ. ಇನ್ನ ಸ್ವಲ್ಪ ದಿನ ಅಲ್ಲೇ ಇರು. ನಾ ಗಟ್ಟಿ ಇದೀನಿ."

ರೊಟ್ಟಿ ತರಲು ಏಳುವಾಗ ಆಕೆ ಗೋಡೆ ಹಿಡಿದುಕೊಂಡಳು. ಅವ್ವ ಗಟ್ಟಿಯಿಲ್ಲ ಎಂದು ನನಗೂ ಗೊತ್ತು, ನನಗೆ ಗೊತ್ತೆಂದು ಆಕೆಗೂ ಗೊತ್ತು.