ಆಕಾಶದ ಹಡಗು ಊರು ಸೇರಿತೇ?

ಆಗ ನನಗೆ ನಲವತ್ತೆರಡು. ಅದಾಗಿ ನಲವತ್ತು ವರ್ಷವಾಯಿತು. ವಿಜಯನಗರದ ನಮ್ಮ ವಠಾರಕ್ಕೆಲ್ಲ ಇದ್ದದ್ದು ಒಂದೇ ಟೀವಿ, ಶಾರದಮ್ಮನ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಅದರಲ್ಲಿ ಒಂದು ಇಂಗ್ಲಿಷ್ ಸೀರಿಯಲ್ ಬರುತ್ತಿತ್ತು. ಆಕಾಶದಲ್ಲಿ ಒಂದು ಹಡಗು, ಅದರೊಳಗೆ ಮೈಗಂಟಿದ ಅಂಗಿ ತೊಟ್ಟ ಜನ. ಅವರ ಮಾತು ವಠಾರದಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ.

ಆದರೂ ಒಬ್ಬರೂ ತಪ್ಪಿಸುತ್ತಿರಲಿಲ್ಲ. ಯಾಕೆ? ನಮ್ಮ ಯಜಮಾನರು ಕಥೆ ಹೇಳುತ್ತಿದ್ದರು.

ಇದೆಲ್ಲ ಈಗ ಯಾಕೆ ಅಂದರೆ, ಹೋದ ವಾರ ಅನ್ನಪೂರ್ಣೇಶ್ವರಿ ನಗರದ ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳು ಗೋಡೆಯಷ್ಟಗಲದ ಟೀವಿ ಮುಂದೆ ಕೂರಿಸಿದಳು.

"ಅಜ್ಜಿ, ನಿಮ್ ಕಾಲದ ಹಡಗಿನ ಸೀರಿಯಲ್ ರೀಬೂಟ್ ಮಾಡಿದಾರೆ. ಕನ್ನಡಕ್ಕೂ ಡಬ್ ಆಗಿದೆ."

"ರೀಬೂಟ್ ಅಂದ್ರೆ?"

"ಹಳೇದನ್ನೇ ಹೊಸಬ್ರನ್ನ ಹಾಕಿ ಮತ್ತೆ ಮೊದ್ಲಿಂದ ತೆಗೆಯೋದು. ಈಗ ಅದೇ ಟ್ರೆಂಡು. ಹಳೇ ಸೈನ್ಸ್ ಫಿಕ್ಷನ್ ಎಲ್ಲಾ ವಾಪಸ್ ಬರ್ತಾ ಇದೆ."

"ಹೊಸದು ಹೊಳೀಲಿಲ್ವೇನೇ ಅವ್ರಿಗೆ?"

"ಹಳಬ್ರು ಆಸೆಪಟ್ಟು ನೋಡ್ತಾರಲ್ಲಜ್ಜಿ, ಅದಕ್ಕೆ."

ಯಾವ ಹಳಬರು? ಅವತ್ತು ಶಾರದಮ್ಮನ ಮನೆ ಚಾಪೆ ಮೇಲೆ ಕೂತಿದ್ದವರಲ್ಲಿ ಮುಕ್ಕಾಲು ಮಂದಿಯ ತಿಥಿ ಊಟ ಉಂಡು ಬಂದಿದ್ದೇನೆ.

ಇನ್ನೊಂದು ಮಾತು. ಮುಂದಿನ ಕಾಲ ಹೀಗಿರುತ್ತದೆ ಅಂತ ಆಗ ತೋರಿಸಿದರು. ಆ ಮುಂದಿನ ಕಾಲ ಬಂದೂ ಆಯಿತು. ನಮ್ಮ ಬೀದಿಯ ಮೋರಿ ಅದೇ ಮೋರಿ. ಈಗ ಆ ಹಳೇ ಸೀರಿಯಲ್ಲನ್ನೇ ತೊಳೆದು, ಬಣ್ಣ ಹಚ್ಚಿ, ಮುಂದಿನ ಕಾಲ ಅಂತ ಮತ್ತೆ ತೋರಿಸುತ್ತಾರೆ. ಹಳಸಿದ ಸಾರಿಗೆ ಎಷ್ಟು ಸಲ ಒಗ್ಗರಣೆ ಹಾಕುತ್ತೀರಪ್ಪ?

ನಮ್ಮ ಯಜಮಾನರು ಮಾಗಡಿ ರೋಡಿನ ಕಡೆ ಒಂದು ಬಟ್ಟೆ ಮಿಲ್ಲಿನಲ್ಲಿದ್ದವರು. ಹತ್ತಿಯ ಧೂಳು ಕುಡಿದು ಕುಡಿದು ಎದೆ ಹಾಳಾಗಿ ಮನೆಯಲ್ಲಿ ಕೂತಿದ್ದರು. ಇಂಗ್ಲಿಷು ಅವರಿಗೂ ಬಾರದು. (ನಾನಾದರೋ ಕನ್ನಡವನ್ನೇ ಬೆರಳಿಟ್ಟು ಓದುವವಳು.) ಆದರೆ ಅಲ್ಲಿ ಬಾಯಿ ಆಡಿದರೆ ಸಾಕು, ಇಲ್ಲಿ ಕನ್ನಡ ಹೊರಡುತ್ತಿತ್ತು. ಹಡಗಿನ ಕ್ಯಾಪ್ಟನ್ ಅವರ ಲೆಕ್ಕದಲ್ಲಿ ಮೇಸ್ತ್ರಿ. ಇಂಜಿನ್ ರೂಮು ಬಾಯ್ಲರ್ ಮನೆ. ಬುರುಡೆ ತಲೆಯ ಯಾವುದೋ ಪ್ರಾಣಿ ಬಂದರೆ, "ಬಂದ ನೋಡ್ರಪ್ಪ ಟೈಮ್ ಕೀಪರ್ರು! ಎಲ್ರದೂ ಹಾಜರಿ ಕಟ್!" ಚಾಪೆ ಮೇಲಿನವರು ಬಿದ್ದು ಬಿದ್ದು ನಗುತ್ತಿದ್ದರು.

ಅವರು ಹೇಳಿದ ಕಥೆ ಇಷ್ಟೇ. ಹಡಗು ದಾರಿ ತಪ್ಪಿದೆ. ಪಾಪ, ಆ ಜನ ಊರು ಸೇರಬೇಕು. ಪಕ್ಕದ ಮನೆ ನಿಂಗಣ್ಣನ ಹೆಂಡತಿಯಂತೂ ಅವರಿಗೋಸ್ಕರ ಆಂಜನೇಯನಿಗೆ ತುಪ್ಪದ ದೀಪ ಹರಸಿಕೊಂಡಿದ್ದಳು.

ಹೋದ ವಾರ ಕನ್ನಡದಲ್ಲಿ ಕೇಳಿದ ಮೇಲೆ ಗೊತ್ತಾಯಿತು. ಅವರು ದಾರಿ ತಪ್ಪಿದವರೇ ಅಲ್ಲ. ಬೇರೆಯವರ ನೆಲ ಕಿತ್ತುಕೊಳ್ಳಲು ಹೊರಟವರು.

"ಇದು ಹೊಸದಾಗಿ ಸೇರ್ಸಿದ್ದೇನೇ?" ಅಂದೆ.

"ಇಲ್ಲಜ್ಜಿ, ಹಳೇದ್ರಲ್ಲೂ ಹಾಗೇ ಇತ್ತು."

ನೋಡಿ ಹೇಗಿದೆ! ಒಂದು ವಠಾರಕ್ಕೆ ವಠಾರವೇ ತಿಂಗಳುಗಟ್ಟಲೆ ದರೋಡೆಕೋರರಿಗೆ ಒಳ್ಳೆಯದಾಗಲಿ ಅಂತ ಬೇಡಿಕೊಂಡಿತ್ತು. ನಾನು ಎದ್ದು ಬಂದೆ. ಹೊಸದರಲ್ಲಿ ಎಲ್ಲ ಇದೆ. ಬಣ್ಣ ಇದೆ, ಬೆಂಕಿ ಇದೆ, ಕಿವಿ ಹರಿಯುವ ಸದ್ದಿದೆ. ನಡುವೆ ಕೆಮ್ಮು ಒಂದಿಲ್ಲ. ಹಡಗನ್ನೇನೋ ರೀಬೂಟ್ ಮಾಡಿದರು, ಹೇಳುವವನನ್ನು ಎಲ್ಲಿಂದ ತರುತ್ತಾರೆ?

ಕೆಮ್ಮಿನ ವಿಷಯಕ್ಕೆ ಬರುತ್ತೇನೆ. ಮಾತು ಕಡಿಮೆ ಮಾಡಿ, ಉಸಿರು ಸಾಲದು ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ನಾನು ಬೈಯುತ್ತಿದ್ದೆ. "ಇರೋ ಉಸಿರನ್ನ ಆ ಬೆಪ್ಪು ಹಡಗಿಗೆ ಯಾಕ್ರೀ ಸುರೀತೀರ?"

"ಲೇ, ಸುಮ್ನೆ ಮಲ್ಗಿದ್ರೂ ಅದು ಖರ್ಚಾಗ್ತದೆ ಕಣೇ."

ಎರಡು ಮಾತಿಗೊಂದು ಕೆಮ್ಮು. ಜನ ಕಾಯುತ್ತಿದ್ದರು. ಹಡಗು ಕಾಯುತ್ತಿರಲಿಲ್ಲ. ಬಿಟ್ಟು ಹೋದ ಭಾಗವನ್ನು ಆಮೇಲೆ ಅಂಗಳದಲ್ಲಿ ಕೂತು ತುಂಬಿಕೊಡುತ್ತಿದ್ದರು. ನಾನು ಒಳಗೆ ಅಗರಬತ್ತಿ ಹೊಸೆಯುತ್ತಾ ಕಥೆಗಿಂತ ಹೆಚ್ಚಾಗಿ ಆ ಉಸಿರನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಬರುವ ಭಾನುವಾರ ಕೊನೆಯ ಕಂತು ಅಂತ ಪೇಪರು ನೋಡಿ ಶಾರದಮ್ಮನ ಗಂಡ ಹೇಳಿದರು. ಅದೇ ವಾರ ನಮ್ಮ ಯಜಮಾನರು ಹಾಸಿಗೆ ಹಿಡಿದರು. ಎದ್ದು ಕೂರಲೂ ಆಗದು. ಶುಕ್ರವಾರ ನಿಂಗಣ್ಣನನ್ನು ಕರೆಸಿದರು.

"ಭಾನುವಾರ ನನ್ನನ್ನ ಈ ಚೇರಲ್ಲಿ ಕೂರ್ಸಿ ಎತ್ಕೊಂಡ್ ಹೋಗ್ಬೇಕು ಕಣೋ. ಅವ್ರನ್ನ ಊರು ಸೇರಿಸ್ಬಿಡ್ತೀನಿ. ಆಮೇಲೆ ಏನಾದ್ರೂ ಆಗ್ಲಿ."

"ನೀವಿಲ್ದೆ ಹಡಗು ಹೊಡೆಯೋರ್ಯಾರಣ್ಣ? ಎತ್ಕೊಂಡೇ ಹೋಗ್ತೀವಿ."

ಶನಿವಾರ ಬೆಳಿಗ್ಗೆ ಹೋಗಿಬಿಟ್ಟರು. ಸಂಜೆಗೆಲ್ಲ ಮಣ್ಣು ಮಾಡಿ ಬಂದರು. ಆ ಚೇರನ್ನು ಯಾರೋ ಗೋಡೆಗೆ ತಿರುಗಿಸಿ ಇಟ್ಟಿದ್ದರು.

ನಮ್ಮ ವಠಾರದ ಕಟ್ಟಳೆ ಗೊತ್ತಲ್ಲ? ಯಾರ ಮನೆಯಲ್ಲಿ ಸಾವಾದರೂ ಹನ್ನೊಂದನೇ ದಿನದ ಕಾರ್ಯ ಮುಗಿಯುವವರೆಗೆ ಯಾರೂ ರೇಡಿಯೊ ಹಾಕುವಂತಿಲ್ಲ, ಟೀವಿ ಹಾಕುವಂತಿಲ್ಲ. ಸೂತಕದ ಮನೆಯವರು ಇನ್ನೊಬ್ಬರ ಹೊಸಿಲು ತುಳಿಯುವಂತಿಲ್ಲ. ಶಾರದಮ್ಮ ಟೀವಿಗೆ ಹಳೇ ಸೀರೆ ಹೊದಿಸುತ್ತಿದ್ದದ್ದು ನಮ್ಮ ಬಾಗಿಲಿಗೇ ಕಾಣುತ್ತಿತ್ತು. ಸತ್ತವನಿಗೆ ಮರ್ಯಾದೆ. ಸತ್ತವನಿಗೆ ಏನು ಬೇಕಿತ್ತು ಅಂತ ಯಾರಾದರೂ ಕೇಳಿದರೇ?

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡೆ. ಆ ಚೇರನ್ನು ಎತ್ತಿಕೊಂಡು ಅಂಗಳ ದಾಟಿ ಶಾರದಮ್ಮನ ಮನೆಯೊಳಕ್ಕೆ ನಡೆದೆ.

"ಅಯ್ಯೋ ಲಕ್ಷ್ಮಕ್ಕ, ಸೂತಕ ಕಣ್ರೀ! ನೋಡ್ದೋರು ಏನಂತಾರೆ?"

"ಅನ್ಲಿ" ಅಂದೆ. ಸೀರೆ ಎಳೆದು ಹಾಕಿ ಸ್ವಿಚ್ ಒತ್ತಿದೆ.

ಸದ್ದು ಕೇಳಿ ಒಬ್ಬೊಬ್ಬರಾಗಿ ಬಂದು ಚಾಪೆ ಮೇಲೆ ಕೂತರು. ಹಡಗು ಬಂತು. ಆ ಜನ ಬಾಯಿ ಆಡಿಸಿದರು, ಆಡಿಸುತ್ತಲೇ ಇದ್ದರು. ಮಂದಿಯೆಲ್ಲ ಖಾಲಿ ಚೇರನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಮೇಸ್ತ್ರಿ ಕೊನೆಯ ಸಲ ಬಾಯಿ ತೆರೆದಾಗ ನಾನೇ ಹೇಳಿದೆ: "ಊರು ಬಂತು. ಎಲ್ರೂ ಇಳ್ಕೊಳಿ."